ಮಾಗಿಯ ಮಂಜಿನಲ್ಲಿ ಬೈಸಿಕಲ್ ಸವಾರಿ

ಧನುರ್ಮಾಸದ ಮುಂಜಾವದಲ್ಲಿ ಹಾಸಿಗೆ ಬಿಟ್ಟೇಳುವುದೇ ಒಂದು ತಪಸ್ಸು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಎದ್ದು, ಬಿಸಿ ಕಾಫಿಯ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಕುಳಿತವನಿಗೆ, ಲೋಕದಲ್ಲಿ ಅದಕ್ಕಿಂತ ಮಿಗಿಲಾದ ಸುಖವೊಂದು ಉಂಟೆಂದರೆ ನಂಬಿಕೆ ಬಾರದು. ಆದರೆ ಆ ಲೋಟವನ್ನು ಕೆಳಗಿಟ್ಟು, ರಾತ್ರಿಯೆಲ್ಲ ಅಂಗಳದ ಇಬ್ಬನಿಯಲ್ಲಿ ನೆನೆದ ಬೈಸಿಕಲ್ಲಿನ ಹಿಡಿಯನ್ನು ಅದೇ ಅಂಗೈಗಳಿಂದ ಹಿಡಿಯಬೇಕಾದವನ ಪಾಡೇನು? ತಣ್ಣನೆಯ ಕಬ್ಬಿಣ ಚೇಳಿನಂತೆ ಕುಟುಕುತ್ತದೆ. ಪೀಠವನ್ನು ಒರೆಸಲು ತಂದ ಬಟ್ಟೆ ಒಂದೇ ಸಲಕ್ಕೆ ತೊಯ್ದು ತೊಪ್ಪೆಯಾಗುತ್ತದೆ. ಮೊದಲನೆಯ ತುಳಿತಕ್ಕೆ ಚೈನು ನರಳುತ್ತದೆ. ಎರಡನೆಯ ತುಳಿತಕ್ಕೆ ಸವಾರನೂ ನರಳುತ್ತಾನೆ.

ಕಳೆದ ಮಾಗಿಯಲ್ಲಿ ಆರು ವಾರಗಳ ಕಾಲ ಈ ಪಾಡನ್ನು ನಾನೂ ಅನುಭವಿಸಿದೆ. ನನ್ನ ವಾಸ ಮದ್ದೂರಿನಲ್ಲಿ. ಕನ್ನಡ ಪಾಠ ಹೇಳುವ ಕಾಲೇಜು ಅಲ್ಲಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ. ದಿನವೂ ಮೋಟಾರ್ ಸೈಕಲ್ಲಿನಲ್ಲಿ ಕಾಲುಗಂಟೆಯೊಳಗೆ ತಲುಪಿಬಿಡುತ್ತಿದ್ದ ನನಗೆ ದಾರಿಯಲ್ಲಿ ಏನಿದೆ, ಯಾರಿದ್ದಾರೆ ಎಂದು ನೋಡುವ ವ್ಯವಧಾನವಿರಲಿಲ್ಲ. ನೋಡಬೇಕೆಂದು ತೋರಿಯೂ ಇರಲಿಲ್ಲ. ಡಿಸೆಂಬರ್ ನಡುವಿನಲ್ಲಿ ಆ ವಾಹನ ಕೆಟ್ಟಿತು. ದುರಸ್ತಿಗೆ ಒಪ್ಪಿಸಿದರೆ, ಬೇಕಾದ ಬಿಡಿಭಾಗ ಇಂದು ಬರುತ್ತದೆ, ನಾಳೆ ಬರುತ್ತದೆ ಎಂಬುದೇ ಪ್ರತಿ ಸಂಜೆಯ ಪಲ್ಲವಿಯಾಯಿತು. ಬಸ್ಸಿನ ವೇಳೆಗೂ ನನ್ನ ಮೊದಲ ಪಾಠದ ವೇಳೆಗೂ ಜಾತಕ ಕೂಡಲಿಲ್ಲ. ಕೊನೆಗೆ, ಹಿತ್ತಿಲ ಜಗಲಿಯ ಮೇಲೆ ಗೋಣಿಚೀಲ ಹೊದ್ದು ವಿಶ್ರಾಂತಿ ಪಡೆಯುತ್ತಿದ್ದ ನಮ್ಮ ತಂದೆಯವರ ಬೈಸಿಕಲ್ಲಿಗೆ ಕರೆ ಹೋಯಿತು.

ತಂದೆಯವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಆ ಬೈಸಿಕಲ್ಲಿನ ಮೇಲೆಯೇ ಹಳ್ಳಿಯಿಂದ ಹಳ್ಳಿಗೆ ವರ್ಗವಾಗುತ್ತ ಸೇವೆಯನ್ನು ಮುಗಿಸಿದವರು. ಕಪ್ಪು ಬಣ್ಣದ, ಎತ್ತರದ ಚೌಕಟ್ಟಿನ, ಸರಳಿನ ಬ್ರೇಕಿನ, ಸುಮಾರು ಇಪ್ಪತ್ತು ಕಿಲೋ ತೂಗುವ ಹಳೆಯ ಕಾಲದ ಗಾಡಿ ಅದು. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಹೆಚ್ಚುಕಡಿಮೆ ಸಮಗಾತ್ರದ ಎರಡು ಗಾಲಿಗಳನ್ನಿಟ್ಟು, ಹಿಂದಿನ ಗಾಲಿಗೆ ಚೈನು ಜೋಡಿಸಿ ‘ರೋವರ್’ ಬೈಸಿಕಲ್ಲನ್ನು ಹೊರತಂದ. ಮೂರು ವರ್ಷಗಳ ಬಳಿಕ ಡನ್‌ಲಪ್ ಬೈಸಿಕಲ್ಲಿಗೆ ಗಾಳಿ ತುಂಬಿದ ಟೈರನ್ನು ಕೊಟ್ಟ. ಆ ಇಬ್ಬರ ಉಪಕಾರದ ಹೊರತು ನಮ್ಮ ತಂದೆಯವರ ಗಾಡಿ ವಿಜ್ಞಾನದಿಂದ ಮತ್ತೇನನ್ನೂ ಬೇಡಿದ್ದಿಲ್ಲ. ಎಣ್ಣೆ ಬಿಟ್ಟು ಟೈರು ಟ್ಯೂಬು ಬದಲಾಯಿಸಿದ್ದೇ ತಡ, ಹೊರಟೇಬಿಟ್ಟಿತು.

ದಾರಿಯ ಜನ

ಮಂಡ್ಯ, ಮದ್ದೂರು, ಮಳವಳ್ಳಿ — ಈ ಮೂರು ಊರುಗಳನ್ನು ಭೂಪಟದಲ್ಲಿ ಗೆರೆಯೆಳೆದು ಸೇರಿಸಿದರೆ ಒಂದು ತ್ರಿಕೋಣವಾಗುತ್ತದೆ. ಮಂಡ್ಯದಿಂದ ಮದ್ದೂರಿಗೆ ಸುಮಾರು ೨೦ ಕಿಲೋಮೀಟರ್. ಮದ್ದೂರಿನಿಂದ ಮಳವಳ್ಳಿಗೆ ಸುಮಾರು ೨೫. ಮೊದಲೆರಡು ಊರುಗಳಿಗೆ ೧೮೮೦ರ ದಶಕದಿಂದಲೂ ರೈಲು ಉಂಟು. ಮಳವಳ್ಳಿಗೆ ಇಂದಿಗೂ ಇಲ್ಲ. ಈ ತ್ರಿಕೋಣದ ಒಳಗೆ ಡಾಂಬರು ರಸ್ತೆಯಿಂದ ಒಳಸರಿದ ಹಳ್ಳಿಗಳು ನೂರಾರು. ಬಸ್ಸು ಹಿಡಿಯಬೇಕಾದರೂ, ರೈಲು ಹಿಡಿಯಬೇಕಾದರೂ, ಮನೆಯಿಂದ ಅಲ್ಲಿಯವರೆಗಿನ ಮೂರೋ ಐದೋ ಕಿಲೋಮೀಟರನ್ನು ದಾಟಿಸುವವರು ಯಾರು? ಮೋಟಾರ್ ಸೈಕಲ್ ಇಲ್ಲದ ಮನೆಗಳಲ್ಲಿ ಈ ಪ್ರಶ್ನೆಗೆ ಇಂದಿಗೂ ಒಂದೇ ಉತ್ತರ — ಬೈಸಿಕಲ್ಲು.

ಬೈಸಿಕಲ್ಲಿನ ಕಾಲ ಮುಗಿಯಿತು ಎಂದು ನಾವು ಪಟ್ಟಣಿಗರು ತಿಳಿದಿದ್ದೇವೆ. ೨೦೧೧ರ ಜನಗಣತಿ ಬೇರೆಯ ಮಾತನ್ನು ಹೇಳಿತು: ಆ ವರ್ಷ ಭಾರತದ ನೂರು ಮನೆಗಳಲ್ಲಿ ಸುಮಾರು ೪೫ರಲ್ಲಿ ಬೈಸಿಕಲ್ಲು ಇತ್ತು. ಅದು ಹಳೆಯ ಲೆಕ್ಕವೆಂದು ಬದಿಗಿಟ್ಟರೂ, ಬೆಳಗಿನ ಆರೂವರೆಗೆ ನನ್ನೊಡನೆ ಬಂದವರು ನನ್ನ ಮಾತಿಗೆ ಸಾಕ್ಷಿ ನುಡಿದಾರು. ಹಾಲಿನ ಕ್ಯಾನನ್ನು ಕ್ಯಾರಿಯರಿಗೆ ಬಿಗಿದು ಸಹಕಾರ ಸಂಘದ ಮುಂದೆ ಸಾಲು ನಿಲ್ಲುವವರು. ಪತ್ರಿಕೆಯ ಕಟ್ಟನ್ನು ಎದೆಗವಚಿ ಹೊರಟ ಹುಡುಗರು. ಮದ್ದೂರಿನ ಹೆಸರಾಂತ ಎಳನೀರು ಮಾರುಕಟ್ಟೆಯ ಕಡೆಗೆ ಗೊನೆಗಳನ್ನು ತೂಗುಹಾಕಿಕೊಂಡು ಓಲಾಡುತ್ತ ಸಾಗುವವರು. ಕುಡುಗೋಲಿಗೆ ಚಿಂದಿ ಸುತ್ತಿ ಕಬ್ಬಿನ ಗದ್ದೆಗೆ ಹೋಗುವ ಆಳುಗಳು. ರೈಲು ನಿಲ್ದಾಣದ ಬಳಿ ಗಾಡಿಯನ್ನು ನಿಲ್ಲಿಸಿ ಬೆಂಗಳೂರಿನ ಕೆಲಸಕ್ಕೆ ಓಡುವವರು. ಇವರೆಲ್ಲರ ತಲೆಗೂ ಒಂದೇ ಬಗೆಯ ಟವಲು, ಅದರ ಗಂಟು ಗದ್ದದ ಕೆಳಗೆ. ಮಂಜಿನಲ್ಲಿ ಎದುರಾದಾಗ ಇವರು ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳುವುದಿಲ್ಲ, ಗಂಟೆ ಬಾರಿಸುತ್ತಾರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಯಾರ ಗಂಟೆ ಯಾವುದೆಂದು ನನಗೂ ಗುರುತಾಗತೊಡಗಿತು.

ಚಳಿಯೆಂದರೆ ಎಷ್ಟು ಚಳಿ?

ಹಳಗನ್ನಡದಲ್ಲಿ ಚಳಿಗೆ ‘ಕುಳಿರ್’ ಎಂಬ ಸೊಗಸಾದ ಮಾತೊಂದಿದೆ. ಆ ಪದವನ್ನು ಉಚ್ಚರಿಸುವಾಗಲೇ ತುಟಿ ಮುದುಡಿ ನಾಲಗೆ ನಡುಗುತ್ತದೆ. ಆದರೆ ನಿಜ ಹೇಳಬೇಕೆಂದರೆ ನಮ್ಮ ಸೀಮೆಯ ಚಳಿ ಅಷ್ಟೇನೂ ಘೋರವಾದುದಲ್ಲ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು ೬೮೦ ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಸಾಮಾನ್ಯ ಬೆಳಗಿನಲ್ಲಿ ಉಷ್ಣಮಾಪಕ ೧೫ ಡಿಗ್ರಿಯ ಆಚೀಚೆ ನಿಲ್ಲುತ್ತದೆ. ಒಮ್ಮೊಮ್ಮೆ ಇನ್ನೂ ಕೆಲವು ಡಿಗ್ರಿ ಇಳಿಯುತ್ತದೆ.

ಹಾಗಿದ್ದರೆ ಬೈಸಿಕಲ್ಲಿನ ಮೇಲೆ ಮೈ ಕೊರೆಯುವುದೇಕೆ? ಎಲೆಯೂ ಅಲುಗದ ಬೆಳಗಿನಲ್ಲಿಯೂ ಗಂಟೆಗೆ ೧೫ ಕಿಲೋಮೀಟರ್ ವೇಗದಲ್ಲಿ ತುಳಿಯುವವನು ತನ್ನ ಮೇಲೆ ತಾನೇ ಅಷ್ಟು ವೇಗದ ಗಾಳಿಯನ್ನು ಬೀಸಿಕೊಳ್ಳುತ್ತಾನೆ. ಚರ್ಮವನ್ನು ತೆಳ್ಳಗೆ ಸುತ್ತಿಕೊಂಡಿರುವ ಬೆಚ್ಚನೆಯ ಪದರವನ್ನು ಆ ಗಾಳಿ ಕ್ಷಣಕ್ಷಣಕ್ಕೂ ಕಿತ್ತೊಯ್ಯುತ್ತದೆ. ಜೊತೆಗೆ, ಚಳಿಯಾದೊಡನೆ ದೇಹವು ಜಾಣ ಯಜಮಾನಿಯಂತೆ ಮಿತವ್ಯಯಕ್ಕೆ ತೊಡಗುತ್ತದೆ: ನೆತ್ತರನ್ನು ಎದೆ, ಹೊಟ್ಟೆಗಳ ಕಡೆಗೆ ತಿರುಗಿಸಿ ಬೆರಳಿಗೂ ಕಿವಿಗೂ ಕೊಡುವ ಪಾಲನ್ನು ತಗ್ಗಿಸುತ್ತದೆ. ಆದಕಾರಣವೇ ಮೊದಲು ಮರಗಟ್ಟುವುದು ಬೆರಳು, ಮೊದಲು ಉರಿಯುವುದು ಕಿವಿ.

ಆದರೆ ಈ ಕಷ್ಟ ಹತ್ತು ನಿಮಿಷದ್ದು. ತುಳಿಯುವವನ ಸ್ನಾಯುಗಳು ವ್ಯಯಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಗಾಲಿಯನ್ನು ತಿರುಗಿಸುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಎರಡು ಕಿಲೋಮೀಟರ್ ಕಳೆಯುವಷ್ಟರಲ್ಲಿ ಒಳಗೊಂದು ಒಲೆ ಹತ್ತಿಕೊಳ್ಳುತ್ತದೆ. ಮೂರನೆಯ ಕಿಲೋಮೀಟರಿನಲ್ಲಿ ನಾನು ಸ್ವೆಟರಿನ ಗುಂಡಿ ಬಿಚ್ಚುತ್ತಿದ್ದೆ. ಐದನೆಯದರಲ್ಲಿ ಅದನ್ನು ಕಳಚಿ ಕ್ಯಾರಿಯರಿಗೆ ಸಿಕ್ಕಿಸುತ್ತಿದ್ದೆ.

ಉತ್ತರ ಧ್ರುವವೃತ್ತಕ್ಕೆ ಸಮೀಪವಾಗಿ ಫಿನ್ಲೆಂಡಿನಲ್ಲಿ ಔಲು ಎಂಬ ಪಟ್ಟಣವಿದೆ. ಅಲ್ಲಿ ಉಷ್ಣತೆ ಸೊನ್ನೆಗಿಂತ ೨೦ ಡಿಗ್ರಿ ಕೆಳಗಿಳಿದ ದಿನವೂ ಮಕ್ಕಳು ಬೈಸಿಕಲ್ಲಿನ ಮೇಲೆಯೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಬೈಸಿಕಲ್ ಸಂಚಾರವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ೨೦೧೩ರಲ್ಲಿ ಮೊದಲು ನಡೆದದ್ದೂ ಅಲ್ಲಿಯೇ. ಆ ಮಕ್ಕಳೇನು ವಜ್ರಕಾಯರೇ? ಅಲ್ಲ. ಬೈಸಿಕಲ್ಲಿಗೆಂದೇ ಅಲ್ಲಿ ಬೇರೆ ದಾರಿಯಿದೆ. ಆ ದಾರಿಗೆ ದೀಪವಿದೆ. ಹಿಮ ಬಿದ್ದರೆ ಅದನ್ನು ಬೇಗನೆ ತೆಗೆದು ಹಾಕುವವರಿದ್ದಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿಯೂ ಬೈಸಿಕಲ್ ಪಥದ ಹಿಮವನ್ನು ತೆಗೆಯುವುದಕ್ಕೆ ಆದ್ಯತೆಯುಂಟು. ಚಳಿಯನ್ನು ಮೈ ಗೆಲ್ಲುತ್ತದೆ. ಮೈಗೆ ಗೆಲ್ಲಲಾಗದ ಸಂಗತಿ ಬೇರೊಂದಿದೆ; ಅದನ್ನು ನಾನು ಕಲಿತದ್ದು ನನ್ನ ವಿದ್ಯಾರ್ಥಿಯೊಬ್ಬನಿಂದ. ಆ ಕಥೆಗೆ ಮೊದಲು ನಮ್ಮ ಮಂಜಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕು.

ನೀರು ಬಂತು, ಮಂಜೂ ಬಂತು

ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ — ಇಂದಿನ ವಿಶ್ವೇಶ್ವರಯ್ಯ ನಾಲೆ — ೧೯೩೦ರ ದಶಕದಲ್ಲಿ ಈ ಸೀಮೆಯ ಹಣೆಬರಹವನ್ನು ತಿದ್ದಿ ಬರೆಯಿತು. ರಾಗಿ, ಹುರುಳಿಯ ಹೊಲಗಳ ಜಾಗದಲ್ಲಿ ಕಬ್ಬು, ಭತ್ತ ತಲೆಯೆತ್ತಿದವು. ೧೯೩೩ರಲ್ಲಿ ಮಂಡ್ಯಕ್ಕೆ ಸಕ್ಕರೆಯ ಕಂಪೆನಿ ಬಂತು. ೧೯೩೯ರ ಜುಲೈ ೧ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯವೇ ಒಂದು ಜಿಲ್ಲೆಯಾಯಿತು. ನೀರಿನಿಂದ ಬಂದ ಸಿರಿಯ ಕಥೆಯನ್ನು ಎಲ್ಲರೂ ಬಲ್ಲರು. ಅದೇ ನೀರು ಮಾಗಿಯ ಬೆಳಗುಗಳಿಗೆ ಮಂಜನ್ನೂ ಒದಗಿಸುತ್ತದೆ ಎಂಬುದು ಬೈಸಿಕಲ್ ಸವಾರನ ಅರಿವಿಗೆ ಬರುವ ಮಾತು.

ಇದರ ಕ್ರಮ ಸರಳವಾದುದು. ಮಾಗಿಯ ರಾತ್ರಿ ಆಕಾಶ ತಿಳಿಯಾಗಿರುತ್ತದೆ. ಮೋಡದ ಕಂಬಳಿಯಿಲ್ಲದ ನೆಲ ತನ್ನ ಕಾವನ್ನು ಬಾನಿಗೆ ಬಿಟ್ಟುಕೊಟ್ಟು ಬೇಗನೆ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಹೆಚ್ಚು ತೇವವನ್ನು ಹೊರಲಾರದು. ನೀರು ನಿಂತ ಗದ್ದೆ, ನಾಲೆ, ಕಬ್ಬಿನ ತೋಟಗಳಿಂದ ಅದು ಮೊದಲೇ ತೇವವನ್ನು ಹೀರಿಕೊಂಡಿರುವುದರಿಂದ, ಹೊರಲಾರದ ಭಾರವನ್ನು ಸಣ್ಣ ಹನಿಗಳಾಗಿ ಇಳಿಸಿಬಿಡುತ್ತದೆ. ಅದೇ ಮಂಜು. ತಣ್ಣನೆಯ ಗಾಳಿ ಭಾರವಾದುದರಿಂದ ನೀರಿನಂತೆಯೇ ತಗ್ಗಿಗೆ ಹರಿಯುತ್ತದೆ. ಶಿಂಷಾ ನದಿಯ ಪಕ್ಕಕ್ಕೋ, ನಾಲೆಯ ಕೆಳಗಿನ ಬಯಲಿಗೋ ಇಳಿಯುವಾಗ ಯಾರೋ ಮುಖಕ್ಕೆ ಒದ್ದೆ ಬಟ್ಟೆ ಒತ್ತಿದಂತಾಗುವುದು ಇದರಿಂದಲೇ. ಏರಿ ಹತ್ತಿ ಮಳವಳ್ಳಿಯ ಕಡೆಯ ಒಣಭೂಮಿಯನ್ನು ಸೇರಿದರೆ ಅದೇ ಹೊತ್ತಿನಲ್ಲಿ ಮಂಜು ತೆಳುವಾಗಿರುವುದುಂಟು.

ಇನ್ನೊಂದು ಸಂಗತಿ. ಮಕರ ಸಂಕ್ರಾಂತಿ ಕಳೆದರೆ ಬೆಳಕು ಬೇಗ ಹರಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಎಳ್ಳುಬೆಲ್ಲದ ಹರಿವಾಣವನ್ನು ಕೆಳಗಿಡುವ ಮುನ್ನವೇ ‘ಇನ್ನೇನು, ದಿನ ಉದ್ದವಾಯಿತು’ ಎಂದು ಹೇಳಿಬಿಡುತ್ತೇವೆ. ದಿನ ಉದ್ದವಾಗುವುದು ನಿಜ. ಆದರೆ ಅದು ಸಂಜೆಯ ಕಡೆಯಿಂದ. ಸೂರ್ಯ ನಡುನೆತ್ತಿಗೆ ಬರುವ ವೇಳೆಯೇ ಈ ವಾರಗಳಲ್ಲಿ ನಮ್ಮ ಗಡಿಯಾರದ ಲೆಕ್ಕಕ್ಕೆ ದಿನದಿನವೂ ಚೂರುಚೂರು ಹಿಂದೆ ಬೀಳುತ್ತ ಹೋಗುವುದರಿಂದ ಬೆಳಗು ಇನ್ನಷ್ಟು ತಡವಾಗುತ್ತದೆ. ಡಿಸೆಂಬರ್ ೨೨ರ ವೇಳೆಗೆ ನಮ್ಮಲ್ಲಿ ಆರೂವರೆ ದಾಟಿ ಕೆಲವು ನಿಮಿಷಕ್ಕೆ ಹುಟ್ಟುವ ಸೂರ್ಯ, ಜನವರಿಯ ಮೂರನೆಯ, ನಾಲ್ಕನೆಯ ವಾರಗಳಲ್ಲಿ ಆರೂ ಮುಕ್ಕಾಲು ದಾಟಿದ ಮೇಲೆ ಹುಟ್ಟುತ್ತಾನೆ. ವರ್ಷದಲ್ಲಿ ಅತ್ಯಂತ ತಡವಾದ ಬೆಳಗುಗಳು ಅವೇ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಗಾದೆಯನ್ನು ಕಟ್ಟಿದವರು ಸಂಕ್ರಾಂತಿಯನ್ನು ಆರಿಸಿಕೊಳ್ಳದೆ ಇದ್ದುದು ಜಾಣತನವೇ ಸರಿ.

ಹುಣಸೆಯ ಮರ

ಈಗ ನನ್ನ ವಿದ್ಯಾರ್ಥಿಯ ಮಾತು. ಬಿ.ಎ. ಎರಡನೆಯ ವರ್ಷದ ಹುಡುಗ, ಮಾತು ಕಡಿಮೆ, ಬರವಣಿಗೆ ದುಂಡಗೆ. ಜುಲೈಯಿಂದ ನವೆಂಬರಿನವರೆಗೆ ಮೊದಲ ಪಾಠಕ್ಕೆ ಒಂದು ದಿನವೂ ತಪ್ಪಿಸಿಕೊಂಡವನಲ್ಲ. ಡಿಸೆಂಬರ್ ಬಂದದ್ದೇ ತಡ, ಒಮ್ಮೆ ಹತ್ತು ನಿಮಿಷ, ಒಮ್ಮೆ ಇಪ್ಪತ್ತು ನಿಮಿಷ ತಡವಾಗಿ, ಒದ್ದೆ ಕೂದಲಲ್ಲಿ ಬಾಗಿಲ ಬಳಿ ಬಂದು ನಿಲ್ಲತೊಡಗಿದ. ನಾನು ಹಾಜರಿ ಕೂಗುವುದು ಪಾಠದ ಆರಂಭದಲ್ಲಿ. ತಡವಾದವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಿತ್ತು. ಒಂದು ದಿನ, ‘ಏನಪ್ಪಾ, ಮಾಗಿಯ ನಿದ್ದೆ ಸೊಗಸಾಗಿತ್ತೇ?’ ಎಂದು ಕೇಳಿದೆ. ತರಗತಿ ನಕ್ಕಿತು. ಅವನು ನಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಹಿಂದಿನ ಬೆಂಚಿಗೆ ಹೋಗಿ ಕುಳಿತ. ಪರೀಕ್ಷೆಗೆ ಕೂರಲು ಶೇಕಡ ೭೫ ಹಾಜರಿ ಬೇಕು. ನನ್ನ ಪುಸ್ತಕದಲ್ಲಿ ಅವನ ಲೆಕ್ಕ ಆ ಗೆರೆಯ ಕಡೆಗೆ ಜಾರುತ್ತಿರುವುದನ್ನು ನೋಡಿಯೂ ನಾನು ಸುಮ್ಮನಿದ್ದೆ. ಶಿಸ್ತೆಂದರೆ ಶಿಸ್ತು ಎಂದು ನನ್ನ ಅಭಿಪ್ರಾಯವಾಗಿತ್ತು.

ನಾನು ಬೈಸಿಕಲ್ ಹಿಡಿದ ಎರಡನೆಯ ವಾರ. ಅಂದಿನ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಮುಂದಿನ ಗಾಲಿಯ ಆಚೆ ನಾಲ್ಕು ಮಾರು ರಸ್ತೆ ಕಾಣುತ್ತಿತ್ತು, ಅಷ್ಟೆ. ನಾಲೆಯ ಸೇತುವೆಯನ್ನು ದಾಟಿ ಇಳಿಜಾರಿನಲ್ಲಿ ಇಳಿಯುತ್ತಿದ್ದೆ. ಇದ್ದಕ್ಕಿದ್ದಂತೆ ಕಣ್ಣೆದುರಿಗೆ ಕಬ್ಬಿನ ಸೋಗೆ ಅಲ್ಲಾಡಿದಂತಾಯಿತು. ಕಬ್ಬಿನ ಗದ್ದೆ ರಸ್ತೆಯ ನಡುವೆ ಹೇಗೆ ಬಂತು ಎಂದು ಯೋಚಿಸುವಷ್ಟರಲ್ಲಿ, ಅದು ಗದ್ದೆಯಲ್ಲ, ಕಬ್ಬು ತುಂಬಿದ ಎತ್ತಿನ ಗಾಡಿ ಎಂದು ತಿಳಿಯಿತು. ಹಿಂದೆ ಲಾಂದ್ರವಿಲ್ಲ, ಕೆಂಪು ಚಿಂದಿಯೂ ಇಲ್ಲ. ಬ್ರೇಕು ಹಿಡಿದೆ. ಇಬ್ಬನಿಯಲ್ಲಿ ತೊಯ್ದ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಎಣ್ಣೆ ಸವರಿದಂತೆ ಜಾರಿತು. ಹಿಡಿಯನ್ನು ಎಡಕ್ಕೆ ತಿರುಗಿಸಿದೆ. ಅಲ್ಲಿ ಯಾರೋ ಪುಣ್ಯಾತ್ಮರು ಒಕ್ಕಣೆಗೆಂದು ರಾಗಿಯ ಹುಲ್ಲನ್ನು ರಸ್ತೆಯ ಮೇಲೆಯೇ ಹರಡಿದ್ದರು. ಗಾಲಿ ಹುಲ್ಲಿನ ಮೇಲೆ ಜಾರಿ, ನಾನೂ ಬೈಸಿಕಲ್ಲೂ ಬೇರೆಬೇರೆ ದಿಕ್ಕಿಗೆ ಹೋಗಿ ಬಿದ್ದೆವು. ಬೀಳಿಸಿದ ಹುಲ್ಲೇ ಹಾಸಿಗೆಯೂ ಆದುದರಿಂದ ಮೊಣಕಾಲು ತರಚಿದ್ದರ ಹೊರತು ಹೆಚ್ಚಿನ ಪೆಟ್ಟಾಗಲಿಲ್ಲ. ಗಾಡಿಯವನಿಗೆ ನನ್ನ ಸುದ್ದಿಯೇ ತಿಳಿಯಲಿಲ್ಲ. ಅವನ ಎತ್ತುಗಳ ಗಂಟೆಯ ಸದ್ದು ನಿಧಾನವಾಗಿ ಮಂಜಿನೊಳಗೆ ಕರಗಿತು.

ಎದ್ದು ಧೂಳು ಕೊಡವುತ್ತಿರುವಾಗ ಹಿಂದಿನಿಂದ ಬೈಸಿಕಲ್ಲಿನ ಗಂಟೆ ಕೇಳಿಸಿತು. ಬಂದು ನಿಂತವನು ಅದೇ ಹುಡುಗ. ನನ್ನನ್ನು ಗುರುತಿಸಿ ಮೊದಲು ಗಾಬರಿಯಾದ. ಅನಂತರ ಮಾತಿಲ್ಲದೆ ನನ್ನ ಗಾಡಿಯನ್ನು ಎತ್ತಿ, ಕಳಚಿದ್ದ ಚೈನನ್ನು ಕೂರಿಸಿ, ಸೊಟ್ಟಗಾಗಿದ್ದ ಹಿಡಿಯನ್ನು ಮುಂದಿನ ಗಾಲಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ನೇರಮಾಡಿದ. ಅವನ ಬೈಸಿಕಲ್ಲು ಅವನು ಎಂಟನೆಯ ತರಗತಿಯಲ್ಲಿದ್ದಾಗ ಸರ್ಕಾರ ಕೊಟ್ಟದ್ದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆಂದು ೨೦೦೬–೦೭ರಲ್ಲಿ ಆರಂಭವಾದ ಆ ಯೋಜನೆ ೨೦೨೦ರಲ್ಲಿ ಕೊರೋನಾ ಬಂದ ಬಳಿಕ ನಿಂತುಹೋಯಿತು. ಇವನು ಅದನ್ನು ಪಡೆದ ಕೊನೆಯ ಕೆಲವು ತಂಡಗಳವನು. ಆ ಬೈಸಿಕಲ್ಲಿನಲ್ಲಿ ನನ್ನ ಕಣ್ಣಿಗೆ ಬಿದ್ದ ವಿಚಿತ್ರವೊಂದಿತ್ತು. ಹಳೆಯ ಟ್ಯೂಬಿನ ಪಟ್ಟಿಯಿಂದ ಅವನೊಂದು ಟಾರ್ಚನ್ನು ಬಿಗಿದಿದ್ದ. ಅದಕ್ಕೆ ಕೆಂಪು ಕಾಗದ ಅಂಟಿಸಿದ್ದ. ಆದರೆ ಕಟ್ಟಿದ್ದುದು ಮುಂದಲ್ಲ. ಹಿಂದೆ, ಕ್ಯಾರಿಯರಿನ ಕೆಳಗೆ.

‘ದೀಪವನ್ನು ಯಾರಾದರೂ ಹಿಂದೆ ಕಟ್ಟುತ್ತಾರೇನಪ್ಪಾ?’ ಎಂದೆ.

‘ಮುಂದಿರೋದು ನನ್ಗೆ ಹೆಂಗೋ ಕಾಣ್ತದೆ 
ಸಾರ್. ಹಿಂದಿಂದ ಬರೋರಿಗೆ ನಾನು ಕಾಣ್ಬೇಕಲ್ಲ’ ಎಂದ.

ನಾವಿಬ್ಬರೂ ಗಾಡಿಗಳನ್ನು ತಳ್ಳಿಕೊಂಡು ನಡೆದೆವು. ದಾರಿಯಲ್ಲಿ ಒಂದೊಂದಾಗಿ ಸಂಗತಿಗಳು ಹೊರಬಂದವು. ಅವನು ಏಳುವುದು ಐದು ಗಂಟೆಗೆ. ಹಸು ಕರೆದು, ಹಾಲನ್ನು ಊರೊಳಗಿನ ಸಂಘಕ್ಕೆ ಹಾಕಿ ಬಂದು, ಆರೂವರೆಗೆ ಸ್ನಾನ ಮುಗಿಸಿ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಆದರೆ ಹೊರಡುವ ಅಪ್ಪಣೆ ತಾಯಿಯಿಂದ ಬರಬೇಕು. ಮೂರು ವರ್ಷಗಳ ಹಿಂದೆ ಇಂತಹುದೇ ಬೆಳಗಿನಲ್ಲಿ ಅವನ ಸೋದರಮಾವ ಬೈಸಿಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಹಿಂದಿನಿಂದ ಬಂದ ವಾಹನವೊಂದು ಬಡಿದು ನಿಲ್ಲದೆ ಹೋಯಿತು. ಮಾವ ಮನೆಗೆ ಮರಳಲಿಲ್ಲ. ಅಂದಿನಿಂದ ತಾಯಿಯದೊಂದು ನಿಯಮ. ಅವರ ಮನೆಯ ಎದುರಿಗೆ, ಹೊಲದ ಆಚೆ, ನೂರು ಮೀಟರಿನಷ್ಟು ದೂರದಲ್ಲಿ ಒಂದು ಹುಣಸೆಯ ಮರವಿದೆ. ಆ ಮರ ಕಣ್ಣಿಗೆ ಕಾಣುವವರೆಗೆ ಬೈಸಿಕಲ್ಲು ಅಂಗಳ ದಾಟಕೂಡದು. ‘ಬೆಳಗಾನ ಮಂಜು ಜಾಸ್ತಿ ಇದ್ರೆ ಮರ ತಡವಾಗಿ ಕಾಣ್ತದೆ ಸಾರ್. ನಾನೂ ತಡವಾಗಿ ಬತ್ತೀನಿ.’

ನಾನು ಮಾತನಾಡಲಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬಿದ್ದಿದ್ದ ಗುರುತುಗಳು ನಿದ್ದೆಯ ಗುರುತುಗಳಾಗಿರಲಿಲ್ಲ. ಒಬ್ಬ ತಾಯಿ ಮಂಜನ್ನು ಅಳೆದ ಗುರುತುಗಳಾಗಿದ್ದವು.

ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ಹವಾಮಾನ ಶಾಸ್ತ್ರಜ್ಞರು ಅದನ್ನು ಮಂಜೆಂದು ಕರೆಯುತ್ತಾರೆ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರ್ ಕ್ರಮಿಸುತ್ತದೆ. ಚಾಲಕ ಕಂಡು, ಎಚ್ಚೆತ್ತು, ಬ್ರೇಕು ತುಳಿದು, ತೇವದ ರಸ್ತೆಯಲ್ಲಿ ಗಾಡಿ ನಿಲ್ಲುವಷ್ಟರಲ್ಲಿ ಐವತ್ತು ಮೀಟರಿನ ಆಚೀಚೆ ಕಳೆದಿರುತ್ತದೆ. ವೇಗ ೮೦ ಆದರೆ ಎಂಬತ್ತು ಮೀಟರೇ ಬೇಕಾದೀತು. ಹಾಗಿರುವಲ್ಲಿ ನೂರು ಮೀಟರ್ ದೂರದ ಮರ ಕಾಣುವವರೆಗೆ ಹೊರಡಬೇಡ ಎಂದ ಆ ತಾಯಿ, ಯಾವ ಸೂತ್ರವನ್ನೂ ಓದದೆ, ಸೂತ್ರ ಹೇಳುವ ಉತ್ತರವನ್ನೇ ಕಂಡುಕೊಂಡಿದ್ದರು. ಅವರು ಅದಕ್ಕೆ ತೆತ್ತ ಬೆಲೆ ಮಾತ್ರ ದೊಡ್ಡದು.

ಕಾಣಿಸುವ ಹಕ್ಕು

ತಂದೆಯವರಿಗೆ ಇದನ್ನೆಲ್ಲ ಹೇಳಿದಾಗ ಅವರು ತಮ್ಮ ಕಾಲದ ಮಾತನ್ನು ನೆನೆದರು. ಆಗ ಬೈಸಿಕಲ್ಲಿಗೂ ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು. ಕತ್ತಲಲ್ಲಿ ದೀಪವಿಲ್ಲದೆ ಹೊರಟವನನ್ನು ಪೋಲೀಸಿನವರು ಮೂಲೆಯಲ್ಲಿ ಕಾದು ಹಿಡಿಯುತ್ತಿದ್ದರು. ದೀಪ ಆರಿದ್ದರೆ, ಗಾಜು ಇನ್ನೂ ಬಿಸಿಯಾಗಿದೆ ನೋಡಿ ಎಂದು ಮುಟ್ಟಿಸಿ ತೋರಿಸಿ ಬಿಡಿಸಿಕೊಳ್ಳಬೇಕಿತ್ತು. ‘ಆಗ ನಮಗದು ಕಿರುಕುಳವೆನಿಸುತ್ತಿತ್ತು. ಈಗ ನೋಡಿದರೆ, ಬೈಸಿಕಲ್ಲಿನವನೂ ರಸ್ತೆಯಲ್ಲಿದ್ದಾನೆ ಎಂದು ಸರ್ಕಾರ ಒಪ್ಪಿಕೊಂಡಿತ್ತು ಎನ್ನಿಸುತ್ತದೆ’ ಎಂದರು.

ಆ ಮಾತಿನಲ್ಲಿ ಸತ್ಯವಿದೆ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಉತ್ಪತ್ತಿಯಾದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿದುಹೋಯಿತು. ಅಷ್ಟು ದೂರ ಹರಿದ ಬೆಳಕು ನನ್ನ ವಿದ್ಯಾರ್ಥಿಯ ಹಳ್ಳಿಯಿಂದ ಡಾಂಬರು ರಸ್ತೆಗೆ ಸೇರುವ ತಿರುವಿನವರೆಗೆ ಇನ್ನೂ ನಡೆದು ಬಂದಿಲ್ಲ. ಅತ್ತ, ೨೦೨೩ರ ಮಾರ್ಚ್ ೧೨ರಂದು ಗೆಜ್ಜಲಗೆರೆಯ ಸಮಾರಂಭದಲ್ಲಿ ಬೆಂಗಳೂರು–ಮೈಸೂರು ನಡುವಣ ವೇಗದ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ಆಗಸ್ಟ್ ೧ರಿಂದ ಮೋಟಾರ್ ಸೈಕಲ್, ಆಟೋ, ಟ್ರ್ಯಾಕ್ಟರುಗಳಿಗೂ ಎಂಜಿನ್ನಿಲ್ಲದ ವಾಹನಗಳಿಗೂ ಅದರ ಮುಖ್ಯಪಥದಲ್ಲಿ ಪ್ರವೇಶ ನಿಂತಿತು. ಅಷ್ಟು ವೇಗದ ದಾರಿಯಲ್ಲಿ ಬೈಸಿಕಲ್ಲು ಇರಬಾರದೆಂಬುದು ಯುಕ್ತವೇ. ಆದರೆ ಅಲ್ಲಿಂದ ಇಳಿದವರೆಲ್ಲ ಪಕ್ಕದ ಸೇವಾರಸ್ತೆಯಲ್ಲಿ ಸೇರುತ್ತಾರೆ: ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿ, ಬಸ್ಸು, ಮೋಟಾರ್ ಸೈಕಲ್ಲು, ಇವೆಲ್ಲದರ ನಡುವೆ ಎಡ ಅಂಚಿನಲ್ಲಿ ಬೈಸಿಕಲ್ಲು. ಔಲುವಿನ ಮಕ್ಕಳಿಗೆ ಇದ್ದು ನಮ್ಮ ಹುಡುಗನಿಗೆ ಇಲ್ಲದಿರುವುದು ಉಣ್ಣೆಯ ಅಂಗಿಯಲ್ಲ. ತನ್ನದೆನ್ನಬಹುದಾದ ಒಂದು ಮೊಳ ದಾರಿ, ಮತ್ತು ಅದರ ಮೇಲೆ ಒಂದು ದೀಪ.

ದಾರಿ ಆಗುವ ಕಾಲಕ್ಕೆ ಆಗಲಿ. ಅಲ್ಲಿಯವರೆಗೆ ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ಬೈಸಿಕಲ್ಲಿನ ಹಿಂದೆ ಕೆಂಪು ದೀಪವಿರಲಿ. ಗುಂಡಿ ಬ್ಯಾಟರಿಯಲ್ಲಿ ಉರಿಯುವ ಸಣ್ಣ ದೀಪ ಒಂದು ಹೊತ್ತಿನ ಹೋಟೆಲ್ ತಿಂಡಿಯ ಖರ್ಚಿನಲ್ಲಿಯೇ ದೊರೆಯುತ್ತದೆ. ಟೈರಿಗೆ ಉಜ್ಜಿ ಬೆಳಗುವ ಹಳೆಯ ಡೈನಮೋವನ್ನು ಇಬ್ಬನಿಯ ದಿನ ನಂಬಬಾರದು; ಅದು ಒದ್ದೆ ಟೈರಿನ ಮೇಲೆ ಜಾರುತ್ತದೆ, ಗಾಡಿ ನಿಂತೊಡನೆ ಆರಿಹೋಗುತ್ತದೆ. ಮಡ್‌ಗಾರ್ಡಿನ ಮೇಲೂ ಪೆಡಲಿನ ಮೇಲೂ ಬೆಳಕನ್ನು ಹಿಂದಿರುಗಿಸುವ ಪಟ್ಟಿಯನ್ನು ಅಂಟಿಸಬೇಕು. ಮೇಲೆ ಕೆಳಗೆ ಆಡುವ ಪೆಡಲಿನ ಮಿಂಚು ದೂರದಿಂದಲೇ ‘ಇಲ್ಲೊಬ್ಬ ಮನುಷ್ಯನಿದ್ದಾನೆ’ ಎಂದು ಸಾರುತ್ತದೆ. ಹೊದೆಯುವ ಶಾಲು ಕಂದು, ಬೂದು ಬಣ್ಣದ್ದಾಗಿರದೆ ಬಿಳಿಯದೋ ಹಳದಿಯದೋ ಆಗಿರಲಿ. ಅದರ ಸೆರಗು ಗಾಲಿಗೆ ಸಿಕ್ಕದಂತೆ ಬಿಗಿದಿರಲಿ. ಹೊರಡುವ ಮುನ್ನ ರಿಮ್ಮನ್ನು ಒಣಬಟ್ಟೆಯಿಂದ ಒರೆಸಿ, ಇಳಿಜಾರಿಗೆ ಮುಂಚೆಯೇ ಬ್ರೇಕನ್ನು ಎರಡು ಸಲ ಮೆಲ್ಲಗೆ ಹಿಡಿದು ನೋಡಬೇಕು. ಕಬ್ಬಿನ ಗಾಡಿಯ ಹಿಂದೆ ಒಂದು ಲಾಂದ್ರ, ಟ್ರ್ಯಾಕ್ಟರಿನ ಗಾಡಿಗೆ ಎರಡು ಕೆಂಪು ಪಟ್ಟಿ, ಒಕ್ಕಣೆಗೆ ರಸ್ತೆಯ ಬದಲು ಕಣ — ಇವು ಯಾರಿಗೂ ಹೊರೆಯಾಗುವ ಮಾತುಗಳಲ್ಲ. ಕಾರಿನಲ್ಲಿ ಕುಳಿತ ಓದುಗರಲ್ಲಿ ನನ್ನ ಬಿನ್ನಹ ಒಂದೇ: ಮಂಜಿನಲ್ಲಿ ನಿಮ್ಮ ದೀಪದ ಬೆಳಕು ಎಷ್ಟು ದೂರ ಹೋಗುತ್ತದೆಯೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಹೋಗಿ.

ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಮರುದಿನ ತರಗತಿಯಲ್ಲಿ, ಎಲ್ಲರ ಎದುರಿಗೆ ಕೇಳಿದ ಪ್ರಶ್ನೆಯನ್ನು ಎಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಂಡೆ. ಅಂದಿನಿಂದ ಜನವರಿಯ ಕೊನೆಯವರೆಗೆ ಹಾಜರಿಯನ್ನು ಪಾಠದ ಆರಂಭದಲ್ಲಿ ಕೂಗದೆ ಕೊನೆಯಲ್ಲಿ ಕೂಗಿದೆ. ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರು, ‘ಇದರಿಂದ ಸೋಮಾರಿಗಳಿಗೂ ಅನುಕೂಲವಾಗುತ್ತದೆಯಲ್ಲ’ ಎಂದರು. ಆಗಬಹುದು. ನಾಲ್ಕು ಮಂದಿ ಸೋಮಾರಿಗಳಿಗೆ ಅನುಕೂಲವಾಗಲಿ. ಒಬ್ಬ ಹುಡುಗ ಮರ ಕಾಣುವ ಮುನ್ನ ಹೊರಡದೆ ಇರಲಿ. ಹುಡುಗ ಪರೀಕ್ಷೆಗೆ ಕುಳಿತ; ಕನ್ನಡದಲ್ಲಿ ಒಳ್ಳೆಯ ಅಂಕಗಳನ್ನೂ ಪಡೆದ.

ಫೆಬ್ರವರಿಯಲ್ಲಿ ನನ್ನ ಮೋಟಾರ್ ಸೈಕಲ್ಲು ಮರಳಿ ಬಂತು. ತಂದೆಯವರ ಬೈಸಿಕಲ್ಲನ್ನು ಜಗಲಿಯ ಮೇಲೆ ಏರಿಸಲು ಹೊರಟಾಗ ಅವರು, ‘ಗೋಣಿಚೀಲ ಹೊದಿಸಬೇಡ, ಇರಲಿ’ ಎಂದರು. ಅದರ ಹಿಂದೆ ಈಗ ಒಂದು ಕೆಂಪು ದೀಪವಿದೆ. ವಾರಕ್ಕೆರಡು ದಿನ ಅದರ ಮೇಲೆಯೇ ಕಾಲೇಜಿಗೆ ಹೋಗುತ್ತೇನೆ. ನಮ್ಮ ಮನೆಯ ಎದುರಿಗೆ ಹುಣಸೆಯ ಮರವಿಲ್ಲ. ರಸ್ತೆಯ ಕೊನೆಯಲ್ಲಿ ಒಂದು ತೆಂಗಿನ ಮರವಿದೆ. ಮಂಜಿನ ಬೆಳಗುಗಳಲ್ಲಿ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಅದು ಕಾಣಿಸುವವರೆಗೆ ಕಾಯುತ್ತೇನೆ.